ಮೂವರು ಅಣ್ಣತಮ್ಮಂದಿರು, ಒಂದು ಬಾವಿ

ಮಧುಗಿರಿ ತಾಲ್ಲೂಕು ಪುರವರ ಹೋಬಳಿಯಲ್ಲಿ ನಮ್ಮದು ಮೂವತ್ತು ಮನೆಯ ಹಳ್ಳಿ. ಕಳೆದ ಬೇಸಿಗೆಯಲ್ಲಿ ನಾವು ದಾಯಾದಿಗಳು ಏಳು ಜನ ಕೂತು ಒಂದು ವಿಚಾರ ತೀರ್ಮಾನ ಮಾಡಬೇಕಾಗಿ ಬಂತು. ಊರ ಮುಂದಿನ ಹೊಲದಲ್ಲಿರುವ ಹಳೇ ಬಾವಿಯನ್ನು ಮುಚ್ಚೋದೋ, ಉಳಿಸೋದೋ? ಬಾವಿ, ಅದರ ಸುತ್ತಿನ ಮಣ್ಣಿನ ದಿಬ್ಬ, ಕಪಿಲೆ ಹಾದಿ ಎಲ್ಲ ಸೇರಿ ಆರು ಗುಂಟೆ ಜಾಗ. ಒಂಬತ್ತಡಿ ಅಂತರಕ್ಕೆ ಎಂಬತ್ತು ಅಡಿಕೆ ಸಸಿ ಕೂರುತ್ತದೆ ಎಂದು ನಮ್ಮ ಹುಡುಗರು ಲೆಕ್ಕ ಹಾಕಿದ್ದರು. ಈಗ ನಮ್ಮ ಕಡೆಯೂ ಅಡಿಕೆಯದೇ ಮಾತು. ನೆಲಗಡಲೆ, ರಾಗಿ ಅಂದರೆ ಹುಡುಗರು ಮುಖ ತಿರುಗಿಸುತ್ತಾರೆ.

‘ಈ ಬಾವಿ ತೋಡಿದವರು ಯಾರು, ಹೆಂಗೆ ತೋಡಿದ್ರು, ಹೇಳಣ್ಣ’ ಅಂತ ಚಿಕ್ಕಪ್ಪನ ಮೊಮ್ಮಗ ಕೇಳಿದ. ನಾನು ಹೇಳಿದೆ. ಹೇಳುತ್ತಾ ಹೋದಂತೆ ನನಗೇ ಕೆಲವು ಸಂಗತಿ ಹೊಸದಾಗಿ ಹೊಳೆದವು. ಪಾಲಾಗುವ ಮನೆಗಳು ಎಲ್ಲ ಕಡೆಯೂ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ. ದಾಯಾದಿ ಅಂದ ತಕ್ಷಣ ಜಗಳದ ಕತೆ ಅಂದುಕೊಳ್ಳಬೇಡಿ. ಜಗಳ ಇಲ್ಲದೆಯೂ ಬಾವಿ ಬತ್ತುತ್ತದೆ. ಅದೇ ಇಲ್ಲಿನ ವಿಷಯ.

ಐವತ್ತೇಳು ಸಾವಿರ ಮಕ್ಕರಿ

ದೊಡ್ಡಪ್ಪ, ನಮ್ಮಪ್ಪ, ಚಿಕ್ಕಪ್ಪ, ಹೀಗೆ ಮೂವರು. ತಾತ 1953ರಲ್ಲಿ ತೀರಿಕೊಂಡಾಗ ದೊಡ್ಡಪ್ಪನಿಗೆ ಇಪ್ಪತ್ತಮೂರು. ಚಿಕ್ಕಪ್ಪ ಇನ್ನೂ ಹದಿಮೂರರ ಹುಡುಗ. ಇದ್ದದ್ದು ಒಂಬತ್ತು ಎಕರೆ ಬೆದ್ದಲು, ಕೆರೆ ಹಿಂದೆ ಒಂದೂವರೆ ಎಕರೆ ತರಿ, ಒಂದು ಜೊತೆ ಎತ್ತು. ನಮ್ಮ ಸೀಮೆಯ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಅದೂ ಬಂದರೆ ಬಂತು. ಕೆರೆ ಮೂರು ವರ್ಷಕ್ಕೊಮ್ಮೆ ತುಂಬಿದರೆ ಪುಣ್ಯ. ಹಂಗಾಗಿ ಬಾವಿ ತೋಡಲೇಬೇಕು ಅಂತ ದೊಡ್ಡಪ್ಪ ಹಠ ಹಿಡಿದರು.

1956, 57, 58ರ ಮೂರು ಬೇಸಿಗೆ ಆ ಕೆಲಸ ನಡೀತು. ಬಾವಿ ಮೂವತ್ತಡಿ ಚೌಕ, ಮೂವತ್ತೆರಡು ಅಡಿ ಆಳ. ಮೇಲೆ ಎಂಟಡಿ ಕೆಂಪು ಮಣ್ಣು, ಕೆಳಗೆ ಗೊರಚು, ಅದರ ಕೆಳಗೆ ಬಂಡೆ. ಬಂಡೆ ಸಿಕ್ಕ ಮೇಲೆ ಕಲ್ಲೊಡೆಯುವ ಬೋವಿಗಳು ಬಂದರು. ಅವರಿಗೆ ಕೂಲಿ ರಾಗಿಯಲ್ಲಿ. ಸರಕಾರದ ತಕಾವಿ ಸಾಲವನ್ನೂ ಎತ್ತಿದ್ದರು. ಆದರೆ ಮಣ್ಣು, ಗೊರಚು ಅಗೆದದ್ದೆಲ್ಲ ಮನೆಯವರೇ, ಜೊತೆಗೆ ಊರಿನ ಮುಯ್ಯಾಳುಗಳು.

ಮೊನ್ನೆ ಸುಮ್ಮನೆ ಲೆಕ್ಕ ಹಾಕಿ ನೋಡಿದೆ. ಮೂವತ್ತು, ಮೂವತ್ತು, ಮೂವತ್ತೆರಡು ಗುಣಿಸಿದರೆ 28,800 ಘನ ಅಡಿ. ಒಂದು ಮಕ್ಕರಿಗೆ ಅರ್ಧ ಘನ ಅಡಿ ಹಿಡಿದರೆ ಐವತ್ತೇಳು ಸಾವಿರದ ಮೇಲೆ ಮಕ್ಕರಿ! ಅಷ್ಟನ್ನೂ ತಲೆ ಮೇಲೆ ಹೊತ್ತು ದಿಬ್ಬಕ್ಕೆ ಸುರಿದವರು ಯಾರು? ಹೆಚ್ಚಾಗಿ ಹೆಂಗಸರೇ. ನಮ್ಮ ಕಡೆ ‘ಅಣ್ಣತಮ್ಮಂದಿರ ಬಾವಿ’ ಅಂತ ಆ ಬಾವಿಗೆ ಹೆಸರು. ದೊಡ್ಡಮ್ಮ ಇರೋ ತನಕ ಆ ಮಾತಿಗೆ ನಗೋರು. ‘ಅಗೆದೋರು ಅಣ್ಣತಮ್ಮಂದಿರು ಕಣಪ್ಪ, ಹೊತ್ತೋರು ವಾರಗಿತ್ತಿಯರು. ಹೆಸರಿಡುವಾಗ ನಮ್ಮನ್ನ ಯಾರು ಕೇಳ್ತಾರೆ?’ ಅನ್ನೋರು. ಆಕೆಯ ನಡುನೆತ್ತಿಯಲ್ಲಿ ಕೂದಲು ಸವೆದು ಹೋಗಿದ್ದನ್ನು ನಾನೇ ನೋಡಿದ್ದೇನೆ.

ಮೂವರೂ ಒಂದೇ ಥರದ ಗೇಯ್ಮೆಗಾರರಲ್ಲ. ದೊಡ್ಡಪ್ಪನದು ಎತ್ತು, ಕಪಿಲೆ. ಎತ್ತಿನ ಹೆಗಲು ಮುಟ್ಟಿ ನೋಡಿಯೇ ನೊಗ ಹೂಡೋರು. ಅಪ್ಪನದು ಬಿತ್ತನೆ. ಕೂರಿಗೆ ಹಿಂದೆ ಸಡ್ಡೆ ಹಿಡಿದು ಅಕ್ಕಡಿ ಸಾಲಿಗೆ ಅವರೆ, ತೊಗರಿ ಬಿಡೋದರಲ್ಲಿ ಅವರ ಕೈ ತಪ್ಪಿದ್ದಿಲ್ಲ. ಚಿಕ್ಕಪ್ಪ ನಾಲ್ಕನೇ ಕ್ಲಾಸು ಓದಿದ್ದರಿಂದ ಮಧುಗಿರಿ ಮಂಡಿಯ ವ್ಯವಹಾರ, ಲೆಕ್ಕ ಪತ್ರ ಅವರದ್ದು. ದುಡ್ಡು ಒಂದೇ ಪೆಟ್ಟಿಗೆಗೆ ಬೀಳೋದು. ಬೀಗದ ಕೈ ದೊಡ್ಡಮ್ಮನ ಸೊಂಟದಲ್ಲಿ.

ಕಪಿಲೆಯ ಲೆಕ್ಕ

ಮಲೆನಾಡು, ಕರಾವಳಿಯ ಓದುಗರಿಗಾಗಿ ಕಪಿಲೆ ಅಂದರೇನು ಅಂತ ಎರಡು ಮಾತು. ಬಾವಿ ಅಂಚಿಗೆ ಎರಡು ಕಂಬ, ಅದರ ಮೇಲೆ ಗಾಲಿ. ಗಾಲಿ ಮೇಲೆ ದಪ್ಪ ಹಗ್ಗ. ಹಗ್ಗದ ತುದಿಗೆ ಚರ್ಮದ ದೊಡ್ಡ ಚೀಲ. ಚೀಲದ ತಳಕ್ಕೆ ಆನೆ ಸೊಂಡಿಲಿನಂಥ ಬಾಯಿ. ಅದಕ್ಕೆ ಬೇರೆ ಒಂದು ಸಣ್ಣ ಹಗ್ಗ. ಎತ್ತುಗಳು ಇಳಿಜಾರು ಹಾದಿಯಲ್ಲಿ ಇಳಿಯುತ್ತಿದ್ದಂತೆ ಚೀಲ ಮೇಲೆ ಬರುತ್ತದೆ. ಸೊಂಡಿಲು ತೊಟ್ಟಿಗೆ ಚಾಚಿಕೊಂಡು ನೀರು ತಾನೇ ಸುರಿಯುತ್ತದೆ. ಆಮೇಲೆ ಎತ್ತು ಹಿಂದು ಹಿಂದಕ್ಕೇ ಹೆಜ್ಜೆ ಇಟ್ಟು ಏರಬೇಕು. ಇಳಿಯುವಾಗ ಹೊಡೆಯುವವನು ಹಗ್ಗದ ಮೇಲೆ ಕೂತು ತನ್ನ ಭಾರವನ್ನೂ ಸೇರಿಸುತ್ತಾನೆ. ಹೊಲದಲ್ಲಿ ಮಡಿಯಿಂದ ಮಡಿಗೆ ನೀರು ತಿರುಗಿಸಲು ಇನ್ನೊಬ್ಬ ಬೇಕೇ ಬೇಕು. ಒಬ್ಬನ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಇದು ಮುಖ್ಯ, ಮುಂದೆ ಇದರ ಮಾತು ಬರುತ್ತದೆ.

ನಮ್ಮ ಕಪಿಲೆ ಚೀಲ ಸುಮಾರು 150 ಲೀಟರು ಹಿಡಿಯೋದು. ಹತ್ತು ಗುಂಟೆಗೆ ಎರಡಂಗುಲ ನೀರು ನಿಲ್ಲಿಸಬೇಕಾದರೆ 50 ಸಾವಿರ ಲೀಟರು ಬೇಕು. ಅಂದರೆ ಮುನ್ನೂರ ಮೂವತ್ತಕ್ಕೂ ಹೆಚ್ಚು ಸಲ ಎತ್ತು ಇಳಿದು ಹತ್ತಬೇಕು. ನಿಮಿಷಕ್ಕೊಂದು ಚೀಲ ಅಂದರೂ ಐದೂವರೆ ಗಂಟೆ. ಇಳಿಜಾರು ಮೂವತ್ತೆರಡು ಅಡಿ ಉದ್ದ ಅಂತ ಹಿಡಿದರೆ ಎತ್ತುಗಳು ಆರೂವರೆ ಕಿಲೋಮೀಟರು ನಡೆದ ಹಾಗಾಯಿತು. ಅದರಲ್ಲಿ ಅರ್ಧ ಹಿಂದಕ್ಕೆ! ಬೆಳಗಿನ ಜಾವ ನಾಲ್ಕಕ್ಕೆ ಹೂಡಿದರೆ ಬಿಸಿಲೇರೋ ಹೊತ್ತಿಗೆ ಹತ್ತು ಗುಂಟೆ ಮುಗಿಯೋದು. ನಾನು ಚಿಕ್ಕವನಿದ್ದಾಗ ಗಾಲಿಯ ಕಿರ್‍ರ್ ಸದ್ದಿಗೇ ಎಚ್ಚರವಾಗುತ್ತಿತ್ತು.

ಈಗ ಇದೇ ಲೆಕ್ಕವನ್ನು ಬಾವಿ ಕಡೆಯಿಂದ ನೋಡಿ. ಮೂವತ್ತಡಿ ಚೌಕದ ಬಾವಿಯಲ್ಲಿ ಒಂದಡಿ ನೀರು ಅಂದರೆ ಸುಮಾರು 25 ಸಾವಿರ ಲೀಟರು. ಇಡೀ ಬೆಳಗ್ಗೆ ಕಪಿಲೆ ಹೊಡೆದರೂ ಇಳಿಯೋದು ಎರಡಡಿ. ಮಾರನೇ ದಿನ ಜಾವಕ್ಕೆ ಊಟೆ ಅಷ್ಟನ್ನೂ ತುಂಬಿಕೊಟ್ಟಿರೋದು. ಬಾವಿ ಬತ್ತದಿರಲಿ ಅಂತ ಯಾರೂ ನಿಯಮ ಮಾಡಿರಲಿಲ್ಲ. ಎತ್ತಿನ ಕಾಲಿನ ಶಕ್ತಿಯೇ ನಿಯಮವಾಗಿತ್ತು.

ಒಲೆ ಮೂರಾದರೆ ಆಳೂ ಮೂರು

ನಮ್ಮ ಕಡೆ ಬಾವಿಗೂ ಮೊದಲಿನಿಂದ ಇದ್ದದ್ದು ತಲಪರಿಗೆ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಸೀಮೆಯ ಹಳಬರಿಗೆ ಈ ಪದ ಹೇಳಿಕೊಡಬೇಕಾಗಿಲ್ಲ. ಹಳ್ಳದ ಮಗ್ಗುಲಲ್ಲೋ ಕೆರೆಯ ಆಸುಪಾಸಿನಲ್ಲೋ ಮರಳು ನೆಲದಲ್ಲಿ ಊಟೆ ಇರುವ ಕಡೆ ಗುಂಡಿ ತೆಗೆದು, ಅದರಿಂದ ಕಾಲುವೆ ಹೊಡೆದು, ನೀರನ್ನು ತಗ್ಗಿನ ಗದ್ದೆಗೆ ಹರಿಸುವುದು. ಎತ್ತೂ ಬೇಡ, ಮೋಟರೂ ಬೇಡ. ನೀರುಗಂಟಿ ಸರದಿ ಪ್ರಕಾರ ಬಿಡುತ್ತಿದ್ದ. ತುಮಕೂರಿನ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಹಳ್ಳಿ ಹಳ್ಳಿ ತಿರುಗಿ ಈ ತಲಪರಿಗೆಗಳನ್ನು ದಾಖಲು ಮಾಡಿದ್ದಾರೆ. ಅವರಂಥವರು ಬರೆಯದೆ ಹೋಗಿದ್ದರೆ ನಮ್ಮ ಮಕ್ಕಳಿಗೆ ಆ ಹೆಸರೂ ಉಳಿಯುತ್ತಿರಲಿಲ್ಲ.

ತಲಪರಿಗೆಯ ಹೂಳು ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಎತ್ತಬೇಕು. ನಮ್ಮೂರಲ್ಲಿ ಒಲೆಗೊಂದು ಆಳು ಅನ್ನೋದು ಕಟ್ಟಳೆ. 1974ರಲ್ಲಿ ನಮ್ಮ ಮನೆ ಪಾಲಾಯಿತು. ಆ ವರ್ಷ ಹೂಳು ಎತ್ತುವಾಗ ಚಿಕ್ಕಪ್ಪ, ‘ಗದ್ದೆ ಇರೋದು ಮೊದಲಿನಷ್ಟೇ, ಹಂಗಾಗಿ ಒಂದೇ ಆಳು ಸಾಕಲ್ವಾ ಅಣ್ಣಯ್ಯ’ ಅಂದರು. ಮಾತಿನಲ್ಲಿ ನ್ಯಾಯ ಇತ್ತು. ದೊಡ್ಡಪ್ಪ ಒಪ್ಪಲಿಲ್ಲ. ‘ಒಲೆ ಮೂರಾದ ಮೇಲೆ ಆಳೂ ಮೂರು ಕಣೋ. ಉಣ್ಣಾಕೆ ಮೂರು ಮನೆ, ಗೇಯಾಕೆ ಒಂದು ಮನೆ ಅಂದ್ರೆ ಊರೋರು ಏನಂದಾರು?’ ಮೂವರೂ ಗುದ್ದಲಿ ಹಿಡಿದು ಹೋದರು.

ಆ ತಲಪರಿಗೆ ಈಗಿಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ ನಮ್ಮ ಸೀಮೆ ಹಾದು ಉತ್ತರ ಪಿನಾಕಿನಿ ಸೇರುವ ಜಯಮಂಗಲಿಯಲ್ಲಿ ಆಳೆತ್ತರ ಮರಳಿದ್ದ ಕಾಲ ಅದು. ಕೈಯಲ್ಲಿ ಗೀರಿದರೆ ಒರತೆ. ಬೆಂಗಳೂರಿನ ಕಟ್ಟಡಗಳಿಗೆ ಲಾರಿಗಟ್ಟಲೆ ಮರಳು ಹೋದ ಮೇಲೆ ಹೊಳೆ ಬರೀ ಜಾಲಿ ಬೆಳೆಯುವ ಗುಂಡಿಯಾಯಿತು. ಅದು ಇನ್ನೊಂದು ಕತೆ.

ಪಾಲಾದ ಬಗೆ

ಮನೆ ಪಾಲಾಗಿದ್ದು ವಾರಗಿತ್ತಿಯರ ಮಾತಿಗಲ್ಲ, ಮಕ್ಕಳು ಹೆಚ್ಚಾಗಿ ಜಾಗ ಸಾಲದ್ದಕ್ಕೆ. ದೊಡ್ಡಪ್ಪನೇ ಪಾಲು ಮಾಡಿದರು. ಆರಿಸಿಕೊಳ್ಳುವುದು ಕಿರಿಯನಿಂದ. ಹಂಚುವವನೇ ಕೊನೆಗೆ ತಗೋಬೇಕು ಅಂದರೆ ಪಾಲು ಸಮವಾಗಿಯೇ ಬರುತ್ತದೆ, ಇದು ನಮ್ಮ ಹಿರಿಯರಿಗೆ ಗೊತ್ತಿದ್ದ ಉಪಾಯ. ಬಾವಿ ಕೆಳಗಿನ ಎರಡು ಎಕರೆಯನ್ನು ಮೂರು ಪಟ್ಟಿ ಮಾಡಿದರು. ಕಾಲುವೆ ಮೂರಕ್ಕೂ ಮುಟ್ಟುವ ಹಾಗೆ. ಕೊನೇ ಪಟ್ಟಿ ದೊಡ್ಡಪ್ಪನಿಗೆ ಉಳಿಯಿತು. ಅಪ್ಪನಿಗೆ ಬೇಸರವಾಗಿ, ‘ಅಣ್ಣಯ್ಯ, ನೀನು ಮೇಲಿನದು ತಗೋ’ ಅಂದಿದ್ದಕ್ಕೆ ದೊಡ್ಡಪ್ಪ ಹೇಳಿದ್ದು: ‘ಕಾಲುವೆ ಸೋರಿದರೆ ಮೊದಲು ಗೊತ್ತಾಗೋದು ಕೊನೆಯವನಿಗೆ. ನಾನು ಅಲ್ಲಿದ್ರೆ ಬಯ್ಯಬಹುದು. ತಮ್ಮ ಅಲ್ಲಿದ್ರೆ ಅಣ್ಣನ್ನ ಬಯ್ಯಾಕಾಗುತ್ತಾ?’ ಕಾಲುವೆ ಕೊನೆಯಲ್ಲಿ ಬಯ್ಯುವ ಅಧಿಕಾರ ಇರುವವನು ಇರಬೇಕು. ನೀರಾವರಿ ಯೋಜನೆಗಳ ಕಾಲುವೆ ತುದಿಯಲ್ಲಿ ಯಾರಿದ್ದಾರೆ ನೋಡಿ, ಈ ಮಾತಿನ ಬೆಲೆ ತಿಳಿಯುತ್ತದೆ.

ಪಾಲುಪಾರೀಕತ್ತಿನಲ್ಲಿ ಬಾವಿಯ ಬಗ್ಗೆ ಬರೆದದ್ದು ಇಷ್ಟು. ಬಾವಿ, ಕಪಿಲೆ ಹಾದಿ, ಕಾಲುವೆ ಮೂವರಿಗೂ ಸೇರಿದ್ದು. ಒಬ್ಬೊಬ್ಬರಿಗೆ ಒಂದೊಂದು ದಿನದ ಸರದಿ. ಹೂಳು, ರಿಪೇರಿ ಖರ್ಚು ಮೂರನೇ ಒಂದು ಪಾಲು.

ಅಷ್ಟರಲ್ಲಿ ಕಪಿಲೆ ಹೋಗಿ ಮೋಟರು ಬಂದು ಮೂರು ವರ್ಷವಾಗಿತ್ತು. ನೆಲಗಡಲೆಗೆ ಒಳ್ಳೇ ರೇಟು ಸಿಕ್ಕ 1971ರಲ್ಲಿ ಪಿ.ಎಲ್.ಡಿ. ಬ್ಯಾಂಕಿನ ಸಾಲ ಸೇರಿಸಿ ಐದು ಎಚ್.ಪಿ. ಮೋಟರು ಇಟ್ಟಿದ್ದರು. ಎತ್ತು ಐದೂವರೆ ಗಂಟೆ ಎಳೆಯುತ್ತಿದ್ದ ನೀರನ್ನು ಅದು ಒಂದು ಗಂಟೆ ಚಿಲ್ಲರೆಯಲ್ಲಿ ಎತ್ತಿ ಬಿಸಾಡೋದು. ಸರದಿಯವನು ಆರು ಗಂಟೆ ಓಡಿಸಿದರೆ ಬಾವಿ ಖಾಲಿ. ಮಾರನೇ ದಿನದವನಿಗೆ ಕೆಸರು. ದಿನದ ಸರದಿ ಕಪಿಲೆಗೆ ಸರಿ, ಮೋಟರಿಗೆ ಸರಿಯಲ್ಲ ಅನ್ನೋದು ಎರಡೇ ಬೇಸಿಗೆಯಲ್ಲಿ ಗೊತ್ತಾಯಿತು. ಅಪ್ಪನೂ ಚಿಕ್ಕಪ್ಪನೂ ಒಂದು ವಾರ ಮಾತು ಬಿಟ್ಟಿದ್ದರು.

ಆಗ ದೊಡ್ಡಪ್ಪ ಉಳಿ ಸುತ್ತಿಗೆ ತಗೊಂಡು ಬಾವಿಗಿಳಿದರು. ತಳದಿಂದ ಎಣಿಸಿ ಹನ್ನೆರಡನೇ ಮೆಟ್ಟಿಲ ಮೇಲೆ ಅಡ್ಡ ಗೀರು ಕೊರೆದರು. ಯಾರ ಸರದಿಯಾದರೂ ನೀರು ಆ ಗೀರಿಗೆ ಇಳಿದ ತಕ್ಷಣ ಮೋಟರು ನಿಲ್ಲಿಸಬೇಕು. ಬೆಳೆ ಒಣಗಿದರೂ ಸರಿ. ಅದರ ಕೆಳಗಿನ ಒಂಬತ್ತಡಿ ನೀರು ದನಕ್ಕೆ, ಮನೆಗೆ. ಗಂಟೆ ಲೆಕ್ಕ ಹೋಗಿ ಮಟ್ಟದ ಲೆಕ್ಕ ಬಂತು. ಎಷ್ಟು ಹೊತ್ತು ಎತ್ತಿದೆ ಅನ್ನೋದು ಮುಖ್ಯವಲ್ಲ, ಎಷ್ಟು ಉಳಿಸಿದೆ ಅನ್ನೋದು ಮುಖ್ಯ. ಆ ಗೀರಿನ ಮೇಲೆ ಹನ್ನೆರಡು ವರ್ಷ ಬಾವಿ ನಡೆಯಿತು. ಗೀರು ದಾಟಿಸಿದವರೇ ಇಲ್ಲ ಅಂತ ಹೇಳಲಾರೆ. ನಾನೇ ಒಂದು ರಾತ್ರಿ ಟೊಮೆಟೊಗೆ ಅರ್ಧ ಗಂಟೆ ಹೆಚ್ಚು ಓಡಿಸಿದ್ದೆ. ಬೆಳಗ್ಗೆ ದೊಡ್ಡಪ್ಪ ಮೆಟ್ಟಿಲ ಮೇಲಿನ ಹಸಿ ನೋಡಿ, ‘ಏನ್ಲಾ, ರಾತ್ರಿ ಕಣ್ಣು ಕಾಣಿಸಲಿಲ್ವಾ?’ ಅಂದರು. ಅಷ್ಟೇ. ಮತ್ತೆ ಆ ಕೆಲಸ ಮಾಡಲಿಲ್ಲ.

ಕಾಗದದಲ್ಲಿ ಇಲ್ಲದ್ದು

1985ರ ಬರ. 86ರ ಬೇಸಿಗೆಯಲ್ಲಿ ಚಿಕ್ಕಪ್ಪ ತಮ್ಮ ಪಟ್ಟಿಯಲ್ಲಿ ಕೊಳವೆಬಾವಿ ತೋಡಿಸಿದರು. ಬಾವಿಯಿಂದ ಎಂಬತ್ತಡಿ ದೂರ, 180 ಅಡಿ ಆಳ. ಎರಡು ಹೆಣ್ಣುಮಕ್ಕಳ ಮದುವೆ ಎದುರಿಗಿತ್ತು, ಬೆಳೆ ಕೈಗೆ ಹತ್ತಿರಲಿಲ್ಲ. ತಮ್ಮ ಜಮೀನಿನಲ್ಲಿ ತಾವು ತೋಡಿಸಿದರು. ಪಾಲುಪಾರೀಕತ್ತು ತೆಗೆದು ನೋಡಿದರೆ ಒಂದಕ್ಷರವೂ ಅದಕ್ಕೆ ಅಡ್ಡ ಬರುವುದಿಲ್ಲ. ನೀರು ಬಂದ ದಿನ ದೊಡ್ಡಪ್ಪನೇ ತೆಂಗಿನಕಾಯಿ ಒಡೆದರು. ಆ ವರ್ಷ ಅಣ್ಣಂದಿರ ಪಟ್ಟಿಗೂ ಚಿಕ್ಕಪ್ಪ ಪೈಪು ಎಳೆದು ನೀರು ಕೊಟ್ಟರು. ಹಾಗಾಗಿ ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಮೂರನೇ ಬೇಸಿಗೆಗೆ ಬಾವಿಯ ಗೀರು ಒಣಗಿತು. ಐದನೇ ಬೇಸಿಗೆಗೆ ತಳ ಕಂಡಿತು. 1990ರಲ್ಲಿ ಅಪ್ಪ ತೋಡಿಸಿದ್ದು 240 ಅಡಿ. 2001ರಲ್ಲಿ ನಾನು 420. 2014ರಲ್ಲಿ 900 ಅಡಿ ಇಳಿಸಿದೆ, ಬರೀ ಬಿಳಿ ದೂಳು. ಏಳು ಮನೆಯವರು ಈವರೆಗೆ ಕೊರೆಸಿದ್ದು ಹತ್ತೊಂಬತ್ತು, ನೀರಿರುವುದು ನಾಲ್ಕರಲ್ಲಿ. ಮಧುಗಿರಿ, ಕೊರಟಗೆರೆ ಎರಡೂ ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿವೆ. ಆಳಕ್ಕೆ ಹೋದಂತೆ ನೀರಿನ ಗುಣವೂ ಬೇರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿ.ಗ್ರಾಂ. ದಾಟಬಾರದು. ಪಾವಗಡದ ಎಷ್ಟೋ ಹಳ್ಳಿಗಳಲ್ಲಿ ಅದು ದಾಟಿ, ಹಲ್ಲು ಕಂದಿದವರು, ಮಂಡಿ ಹಿಡಿದವರು ಮನೆ ಮನೆಯಲ್ಲಿದ್ದರು.

ಅಣ್ಣತಮ್ಮಂದಿರು ಬಾವಿ ಪಾಲು ಮಾಡಲಿಲ್ಲ, ಸರಿ. ಆದರೆ ಬಾವಿಗೆ ನೀರು ಕೊಡುವ ನೆಲದಡಿಯ ಊಟೆ ಮೂವರಿಗೂ ಒಂದೇ ಅನ್ನೋದನ್ನು ಬರೆದುಕೊಳ್ಳಲಿಲ್ಲ. 1974ರಲ್ಲಿ ಯಾರಿಗೆ ಹೊಳೆದೀತು? ಕಪಿಲೆಗೆ ಇಬ್ಬರು ಬೇಕಿತ್ತು, ತಲಪರಿಗೆಗೆ ಊರೇ ಬೇಕಿತ್ತು, ಮೋಟರಿಗೆ ಒಂದು ಗೀರು ಸಾಕಾಗಿತ್ತು. ಕೊಳವೆಬಾವಿಗೆ ಯಾರೂ ಬೇಡ. ಒಬ್ಬನೇ ಗುಂಡಿ ಒತ್ತಿದರೆ ಆಯಿತು. ಪಕ್ಕದವನ ನೀರು ಇಳಿದದ್ದು ಕಣ್ಣಿಗೆ ಕಾಣಿಸುವುದಿಲ್ಲವಲ್ಲ, ಹಾಗಾಗಿ ತಪ್ಪು ಮಾಡಿದ ಅಂತ ಮನಸ್ಸಿಗೂ ಅನ್ನಿಸುವುದಿಲ್ಲ. ಗೀರು ಒಣಗಿದರೂ ಮೂವರೂ ಒಂದೇ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ಪಾವಗಡದ ತಿರುಮಣಿ, ವಳ್ಳೂರು ಸುತ್ತ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬಂದಿದೆ. ಮೊದಲಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಬಾಡಿಗೆ. ಅಲ್ಲಿ ಅಣ್ಣತಮ್ಮಂದಿರು ಹಂಚಿಕೊಳ್ಳಬೇಕಾದದ್ದು ನೀರಲ್ಲ, ಬಾಡಿಗೆ. ಎಕರೆ ಲೆಕ್ಕಕ್ಕೆ ಹಂಚಿದರೆ ಆಯಿತು. ಜಮೀನಿಲ್ಲದೆ ಕೂಲಿಗೆ ಗೇಯ್ದವನಿಗೆ ಆ ಲೆಕ್ಕದಲ್ಲಿ ಜಾಗ ಇಲ್ಲ. ಒಳ್ಳೆಯದೋ ಕೆಟ್ಟದ್ದೋ, ಬಿಸಿಲನ್ನು ಹಂಚಿಕೊಳ್ಳುವುದು ನೀರಿಗಿಂತ ಸುಲಭ ಅಂತ ಕಾಣುತ್ತದೆ.

ಪಾಲಾಗುವ ಮನೆಯವರಿಗೆ

ಕೆಲವು ವ್ಯವಹಾರದ ಮಾತು. ಪಾಲುಪತ್ರ ಬರೆಸುವಾಗ ಬಾವಿ ಇಷ್ಟನೇ ಪಾಲು ಅಂತ ಬರೆದು ಬಿಡಬೇಡಿ. ಬಾವಿಗೆ ಹೋಗುವ ದಾರಿ, ಕಾಲುವೆ ಅಥವಾ ಪೈಪಿನ ಹಾದಿ, ಕರೆಂಟು ಮೀಟರು ಯಾರ ಹೆಸರಲ್ಲಿ, ಹೂಳು ಯಾವ ತಿಂಗಳಲ್ಲಿ, ಎಲ್ಲ ಬರೆಸಿ. ಯಾವ ಮಟ್ಟಕ್ಕೆ ನೀರು ಇಳಿದರೆ ನಿಲ್ಲಿಸಬೇಕು ಅನ್ನುವುದನ್ನು ಕಲ್ಲಿನ ಮೇಲೇ ಗುರುತು ಮಾಡಿ. ಕಾಗದ ಇಲಿ ತಿನ್ನುತ್ತದೆ. ಬಾವಿಯಿಂದ ಎಷ್ಟು ದೂರದೊಳಗೆ ಯಾರೂ ಕೊಳವೆಬಾವಿ ತೋಡಬಾರದು ಅನ್ನುವ ಒಪ್ಪಂದ ಮೊದಲೇ ಆಗಲಿ. ಕರ್ನಾಟಕದಲ್ಲಿ 2011ರಿಂದ ಅಂತರ್ಜಲ ಕಾಯಿದೆ ಇದೆ, ಅಧಿಸೂಚಿತ ಪ್ರದೇಶದಲ್ಲಿ ಕೊರೆಸಲು ಅನುಮತಿ ಬೇಕು. ಆದರೆ ರಾತ್ರಿ ಹತ್ತಕ್ಕೆ ಬರುವ ರಿಗ್ ಲಾರಿಯನ್ನು ಕಾಯಿದೆ ಬಂದು ತಡೆಯುವುದಿಲ್ಲ, ಮನೆಯವರ ಮಾತು ತಡೆಯಬಹುದು.

ಕೈಕೊಟ್ಟ ಕೊಳವೆಬಾವಿಗಳ ಬಾಯಿ ತೆರೆದು ಬಿಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕೇಸಿಂಗ್ ಇದ್ದರೆ ಮುಚ್ಚಳ ಬೆಸುಗೆ ಹಾಕಿಸಿ, ಕೇಸಿಂಗ್ ಕಿತ್ತಿದ್ದರೆ ಕಲ್ಲು ಮಣ್ಣು ತುಂಬಿ ಮುಚ್ಚಿ.

ಈಗ ನಮ್ಮ ಬಾವಿಯ ವಿಷಯಕ್ಕೆ ಬರುತ್ತೇನೆ. 2022ರ ಮಳೆಗೆ ಜಯಮಂಗಲಿ ತುಂಬಿ ಹರಿದಳು. ಮೂವತ್ತು ವರ್ಷದಿಂದ ಒಣಗಿದ್ದ ಬಾವಿಯಲ್ಲಿ ಹದಿನೈದಡಿ ನೀರು ನಿಂತಿತು. ಅದನ್ನು ಕಂಡ ಮೇಲೆ ಮುಚ್ಚೋಣ ಅಂದವರ ದನಿ ಸ್ವಲ್ಪ ತಗ್ಗಿತ್ತು. ದೊಡ್ಡಪ್ಪ ಅದನ್ನು ನೋಡಲು ಇರಲಿಲ್ಲ, 1997ರಲ್ಲೇ ಹೋದರು. ಅಪ್ಪ 2008ರಲ್ಲಿ. ಚಿಕ್ಕಪ್ಪ 2019ರವರೆಗೂ ಇದ್ದರು. ಕೊನೇ ವರ್ಷಗಳಲ್ಲಿ ಸಂಜೆ ಹೊತ್ತು ಬಾವಿ ಕಟ್ಟೆ ಮೇಲೆ ಹೋಗಿ ಒಬ್ಬರೇ ಕೂರೋರು. ಒಂದು ಸಲ ನನಗೆ, ‘ನಾನು ಆವತ್ತು ಅಣ್ಣಯ್ಯನ್ನ ಕೇಳಬೇಕಿತ್ತು ಕಣೋ. ಕೇಳಿದ್ರೆ ಬೇಡ ಅಂತಿರಲಿಲ್ಲ, ಗೊತ್ತು. ಅದಕ್ಕೇ ಕೇಳಬೇಕಿತ್ತು’ ಅಂದರು.

ಕಳೆದ ಬೇಸಿಗೆಯಲ್ಲಿ ಕ್ರೇನು ತರಿಸಿ ಹೂಳು ತೆಗೆಸಿದೆವು. ಐದು ದಿನದ ಕೆಲಸ. ಹೊಲದ ಮಳೆ ನೀರು ನೇರ ಬಾವಿಗೆ ಬಿದ್ದರೆ ಮತ್ತೆ ಹೂಳೇ. ಅದಕ್ಕೆ ಮೇಲ್ಗಡೆ ಹತ್ತಡಿ ಚೌಕದ ಗುಂಡಿ ತೋಡಿ, ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ಹಾಕಿ, ಸೋಸಿದ ನೀರು ಪೈಪಿನಲ್ಲಿ ಇಳಿಯುವಂತೆ ಮಾಡಿದ್ದೇವೆ. ಖರ್ಚು ಏಳು ಪಾಲು. ಬಾವಿಯ ನೀರನ್ನು ಅಡಿಕೆಗೆ ಎತ್ತಬಾರದು, ರಾಗಿ ತೆನೆಗೆ ಬಂದಾಗ ಮಳೆ ಕೈಕೊಟ್ಟರೆ ಒಂದು ನೀರು ಮಾತ್ರ, ಮತ್ತೆ ದನಕ್ಕೆ. ಮುನ್ನೂರಡಿಯೊಳಗೆ ಯಾರೂ ಹೊಸದಾಗಿ ಕೊರೆಸಬಾರದು. ಹೀಗೆ ಒಂದು ಕಾಗದ ಬರೆದಿದ್ದೇವೆ. ಐದು ಜನ ರುಜು ಹಾಕಿದ್ದಾರೆ. ಇಬ್ಬರು ಯೋಚನೆ ಮಾಡಿ ಹೇಳ್ತೀವಿ ಅಂದಿದ್ದಾರೆ. ಅವರ ಪಟ್ಟಿಗಳಲ್ಲೇ ಅಡಿಕೆ ಇರುವುದು, ಅವರ ಕಷ್ಟವೂ ಸುಳ್ಳಲ್ಲ.

ಹೂಳಿನ ಅಡಿ ದೊಡ್ಡಪ್ಪನ ಗೀರು ಹಾಗೇ ಇತ್ತು. ಹುಡುಗರು ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದು ಅದಕ್ಕೆ ಕೆಂಪು ಬಣ್ಣ ಬಳಿದಿದ್ದಾರೆ. ನಾನು ಇದನ್ನು ಬರೆಯುವ ದಿನ ನೀರು ಗೀರಿಗಿಂತ ನಾಲ್ಕು ಮೆಟ್ಟಿಲು ಕೆಳಗಿದೆ.